ಭೂಮಿಯ ಪದರಗಳನ್ನು ಓದಿದ ಧರ್ಮಾಧ್ಯಕ್ಷ: ಧನ್ಯ ನೀಲ್ಸ್ ಸ್ಟೆನ್ಸನ್

ವೈದ್ಯಕೀಯ ಕಾಲೇಜಿಗೆ ಸೇರಿದ ನಮ್ಮ ಮಕ್ಕಳಿಗೆ ಮೊದಲ ವರ್ಷದಲ್ಲೇ ಒಂದು ಹೆಸರು ಬಾಯಿಪಾಠವಾಗುತ್ತದೆ. ಕಿವಿಯ ಬಳಿಯ ಗ್ರಂಥಿಯಿಂದ ಜೊಲ್ಲನ್ನು ಬಾಯಿಗೆ ತಂದು ಬಿಡುವ ಪುಟ್ಟ ನಾಳಕ್ಕೆ ಸ್ಟೆನ್ಸನ್ ನಾಳ ಎಂದು ಹೆಸರು. ಭೂವಿಜ್ಞಾನ ಓದುವವರಿಗೆ ಮೊದಲು ಕಲಿಸುವುದು ಸ್ಟೆನೊ ನಿಯಮಗಳನ್ನು. ಹರಳುಗಳ ಬಗ್ಗೆ ಓದುವವರಿಗೂ ಸ್ಟೆನೊ ನಿಯಮ ಎಂಬುದೊಂದು ಎದುರಾಗುತ್ತದೆ. ಧರ್ಮಸಭೆ ಧನ್ಯರೆಂದು ಗೌರವಿಸುವವರ ಸಾಲಿನಲ್ಲಿಯೂ ಒಬ್ಬರು ಧರ್ಮಾಧ್ಯಕ್ಷ ನಿಕೊಲಾಸ್ ಸ್ಟೆನೊ ಇದ್ದಾರೆ. ಈ ನಾಲ್ಕೂ ಕಡೆ ಇರುವವರು ಒಬ್ಬರೇ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ ತಮ್ಮ ಪುಸ್ತಕಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದರು. ಆ ಭಾಷೆಯಲ್ಲಿ ಅವರ ಹೆಸರು ನಿಕೊಲಾಸ್ ಸ್ಟೆನೊ ಎಂದಾಯಿತು.

ಇವರ ಬಗ್ಗೆ ಬರೆಯುವವರಲ್ಲಿ ಎರಡು ಪಂಗಡಗಳಿವೆ. ಅಪರೂಪದ ವಿಜ್ಞಾನಿಯೊಬ್ಬರನ್ನು ಧರ್ಮ ನುಂಗಿಹಾಕಿತು ಎಂದು ಕೆಲವರು ಮರುಗುತ್ತಾರೆ. ಇನ್ನು ಕೆಲವರು, ಅದರಲ್ಲೂ ನಮ್ಮವರೇ, ಅವರ ವಿಜ್ಞಾನವನ್ನು ಎರಡು ಸಾಲಿನಲ್ಲಿ ಮುಗಿಸಿ ನೇರವಾಗಿ ಭಕ್ತಿಯ ಕಥೆಗೆ ಹೋಗಿಬಿಡುತ್ತಾರೆ. ಅವರ ಬದುಕನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ ಈ ಎರಡೂ ಮಾತು ಪೂರ್ತಿ ಸರಿ ಎನಿಸುವುದಿಲ್ಲ. ಹಾಗೆಂದು ಎರಡರಲ್ಲೂ ಸತ್ಯಾಂಶವೇ ಇಲ್ಲ ಎಂದು ಹೇಳಲೂ ನಮಗೆ ಮನಸ್ಸಿಲ್ಲ.

ಸ್ಟೆನೊ ಹುಟ್ಟಿದ್ದು ಕೋಪನ್‌ಹೇಗನ್ ನಗರದಲ್ಲಿ, 1638ರ ಜನವರಿ 1ರಂದು. ಆಗ ಡೆನ್ಮಾರ್ಕ್ ಹಳೆಯ ಪಂಚಾಂಗವನ್ನೇ ಅನುಸರಿಸುತ್ತಿತ್ತು. ಇಂದಿನ ಲೆಕ್ಕದಲ್ಲಿ ಅದು ಜನವರಿ 11. ತಂದೆ ಅಕ್ಕಸಾಲಿಗರು. ರಾಜ ನಾಲ್ಕನೇ ಕ್ರಿಸ್ತಿಯಾನನ ಅರಮನೆಗೂ ಚಿನ್ನದ ಕೆಲಸ ಮಾಡಿಕೊಡುತ್ತಿದ್ದರು. ಕುಟುಂಬ ಲುಥೆರನ್ ಪಂಥಕ್ಕೆ ಸೇರಿದ್ದು. ಮೂರು ವರ್ಷದ ಮಗುವಿಗೆ ಬಂದ ಕಾಯಿಲೆ ಸುಮಾರು ಮೂರು ವರ್ಷ ಬಿಡಲಿಲ್ಲ. ಓರಗೆಯ ಮಕ್ಕಳೊಡನೆ ಆಡುವ ಭಾಗ್ಯ ಇಲ್ಲದೆ ದೊಡ್ಡವರ ನಡುವೆ ಕುಳಿತು ಅವರ ಮಾತು, ಅದರಲ್ಲೂ ಧರ್ಮದ ಮಾತು ಕೇಳುತ್ತಾ ಬೆಳೆದ ಮಗು ಅದು. ಕಾಯಿಲೆ ಬಿಟ್ಟಿತು ಎನ್ನುವಷ್ಟರಲ್ಲಿ ತಂದೆ ತೀರಿಕೊಂಡರು. 1654-55ರಲ್ಲಿ ನಗರಕ್ಕೆ ಪ್ಲೇಗ್ ಬಂದಾಗ ನೀಲ್ಸ್ ಓದುತ್ತಿದ್ದ ಶಾಲೆಯ ಸುಮಾರು 240 ಹುಡುಗರು ಸತ್ತರು. ಬದುಕಿ ಉಳಿದವರು ಮತ್ತೆ ಅದೇ ಬೆಂಚುಗಳ ಮೇಲೆ ಹೋಗಿ ಕುಳಿತರು.

1656ರಲ್ಲಿ ಅವರು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯ ಸೇರಿ ವೈದ್ಯಶಾಸ್ತ್ರ ಆರಿಸಿಕೊಂಡರು. ಹಾಲುರಸದ ನಾಳಗಳ ಅಧ್ಯಯನಕ್ಕೆ ಹೆಸರಾದ ಥಾಮಸ್ ಬಾರ್ತೊಲಿನ್ ಅಲ್ಲಿ ಅಧ್ಯಾಪಕರಾಗಿದ್ದರು. ಆದರೆ ಓದು ನೆಟ್ಟಗೆ ಸಾಗಲಿಲ್ಲ. 1658ರಲ್ಲಿ ಸ್ವೀಡನ್ನಿನ ಸೈನ್ಯ ನಗರಕ್ಕೆ ಮುತ್ತಿಗೆ ಹಾಕಿತು. ವಿದ್ಯಾರ್ಥಿಗಳೂ ಕೋಟೆ ಕಾಯಲು ಹೋಗಬೇಕಾಯಿತು. ಆ ಗೊಂದಲದ ನಡುವೆ, 1659ರಲ್ಲಿ, ಓದಿದ್ದು ನೋಡಿದ್ದನ್ನೆಲ್ಲ ಅವರು ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರು. ಅದಕ್ಕೆ ಕೊಟ್ಟ ಹೆಸರೂ ಗೊಂದಲ ಎಂದೇ. ಗೆಲಿಲಿಯೊ, ಕೆಪ್ಲರ್, ಡೆಕಾರ್ಟ್ ಮೊದಲಾದವರ ಗ್ರಂಥಗಳಿಂದ ತೆಗೆದ ಅಂಶಗಳು, ನಡುನಡುವೆ ತನಗೆ ತಾನೇ ಹಾಕಿಕೊಂಡ ಎಚ್ಚರಿಕೆಗಳು, ಪ್ರಾರ್ಥನೆಗಳು ಅದರಲ್ಲಿವೆ. ತನಗೆ ಅವಸರ ಹೆಚ್ಚು, ಒಂದೇ ವಿಷಯಕ್ಕೆ ಮನಸ್ಸು ನಿಲ್ಲುವುದಿಲ್ಲ ಎಂಬ ಕೊರಗು ಅದರಲ್ಲಿ ಎದ್ದು ಕಾಣುತ್ತದೆ. ಪರೀಕ್ಷೆಗೆ ಓದುವ ನಮ್ಮ ಯುವಜನರು ಇದನ್ನು ಓದಿದರೆ ತಮ್ಮದೇ ಡೈರಿ ಎಂದುಕೊಂಡಾರು. ಸಂಕಮ್ಮನಂತೆ ಎಲ್ಲವನ್ನೂ ಕೂಡಿಟ್ಟ ಈ ಹಸ್ತಪ್ರತಿ ಫ್ಲಾರೆನ್ಸ್ ನಗರದ ಗ್ರಂಥಾಲಯದಲ್ಲಿ ಬೆಳಕಿಗೆ ಬಂದದ್ದು 20ನೇ ಶತಮಾನದಲ್ಲಿ. ಅವರ ಬರಹಗಳನ್ನೆಲ್ಲ ಹುಡುಕಿ ಜೋಡಿಸಿದವರು ಗುಸ್ತಾವ್ ಷೆರ್ಟ್ಸ್ ಎಂಬ ಧರ್ಮಗುರುಗಳು.

ಆಮೇಲೆ ಸ್ಟೆನೊ ಹಾಲೆಂಡಿಗೆ ಹೋದರು. 1660ರ ಏಪ್ರಿಲ್ 7ರಂದು ಆಮ್‌ಸ್ಟರ್‌ಡಾಮಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಕುಳಿತು ಒಂದು ಕುರಿಯ ತಲೆಯನ್ನು ಕೊಯ್ದು ನೋಡುತ್ತಿದ್ದರು. ರಕ್ತನಾಳಗಳನ್ನು ನೋಡುವುದು ಉದ್ದೇಶವಾಗಿತ್ತು. ಕೈಯಲ್ಲಿದ್ದ ಕಡ್ಡಿಯ ಮೊನೆ ಒಂದು ಗ್ರಂಥಿಯ ಬಳಿ ಸಣ್ಣ ಕೊಳವೆಯೊಳಗೆ ಜಾರಿತು. ಮುಂದೆ ತಳ್ಳಿದಾಗ ಹಲ್ಲಿಗೆ ತಾಗಿ ಸದ್ದಾಯಿತು. ಜೊಲ್ಲು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತ್ತು. ಆಗ ಅವರಿಗೆ 22 ವರ್ಷ. ಯಾರ ಮನೆಯಲ್ಲಿ ಉಳಿದುಕೊಂಡಿದ್ದರೋ ಆ ಗೆರಾರ್ಡ್ ಬ್ಲಾಸಿಯುಸ್ ಎಂಬ ಅಧ್ಯಾಪಕರು ಅದನ್ನು ಕಂಡದ್ದು ತಾನು ಎಂದು ಹೇಳಿಕೊಂಡಾಗ ಜಗಳ ಹತ್ತಿತು. ಸ್ಟೆನೊ ಕೂಗಾಡಲಿಲ್ಲ. ಒಂದು ಗ್ರಂಥಿಯನ್ನು ತೋರಿಸಿದವರ ಮುಂದೆ ಬಾಯಿಯ, ಕಣ್ಣಿನ, ಮೂಗಿನ ಎಲ್ಲಾ ಗ್ರಂಥಿಗಳನ್ನು ಬಿಡಿಸಿ ತೋರಿಸಿದರು. ಕಣ್ಣೀರಿನ ಗ್ರಂಥಿಯ ನಾಳಗಳನ್ನು ವಿವರಿಸಿದವರೂ ಅವರೇ. ನಾವು ಅಳುವಾಗ ನೀರು ಮೆದುಳಿನಿಂದ ಇಳಿಯುತ್ತದೆ ಎಂದು ಅಲ್ಲಿಯವರೆಗೆ ನಂಬಿದ್ದವರಿದ್ದರು.

ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಅವರು ಹೃದಯವನ್ನು ಕೈಗೆತ್ತಿಕೊಂಡರು. ದೇಹದ ಬಿಸಿಯ ಮೂಲ, ಜೀವಶಕ್ತಿಯ ನೆಲೆ ಎಂದೆಲ್ಲ ಪಂಡಿತರು ಹೃದಯವನ್ನು ವರ್ಣಿಸುತ್ತಿದ್ದ ಕಾಲ ಅದು. ಸ್ಟೆನೊ ಎತ್ತಿನ ಹೃದಯವೊಂದನ್ನು ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ ನೋಡಿದರು. ತೊಡೆಯ ಮಾಂಸಖಂಡದಲ್ಲಿ ಏನಿದೆಯೋ ಅದೇ ಇಲ್ಲೂ ಇತ್ತು. ಹೃದಯವೂ ಒಂದು ಸ್ನಾಯು, ಅಷ್ಟೇ ಎಂದು 1664ರಲ್ಲಿ ಪ್ರಕಟಿಸಿದರು. ಹೃದಯವೆಂದರೆ ದೊಡ್ಡ ದೊಡ್ಡ ಮಾತು ಆಡುತ್ತಿದ್ದವರಿಗೆ ಇದು ಸಪ್ಪೆ ಎನಿಸಿರಬೇಕು. ಆದರೆ ಅದು ಸತ್ಯವಾಗಿತ್ತು. ಮುಂದೆ ಸ್ನಾಯು ಹೇಗೆ ಕುಗ್ಗುತ್ತದೆ ಎಂಬುದನ್ನು ಅವರು ರೇಖಾಗಣಿತದ ಆಕೃತಿಗಳಿಂದ ವಿವರಿಸಿದರು. ಸ್ನಾಯು ಕುಗ್ಗುವಾಗ ಅದರ ಗಾತ್ರ ಹೆಚ್ಚಬೇಕಾಗಿಲ್ಲ ಎಂದು ಆ ಆಕೃತಿಗಳಿಂದಲೇ ತೋರಿಸಿದರು. ಬಹುಕಾಲ ಯಾರೂ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. 20ನೇ ಶತಮಾನದ ಕೊನೆಯಲ್ಲಿ ಸಂಶೋಧಕರು ಮತ್ತೆ ನೋಡಿದಾಗ ಅವರ ಲೆಕ್ಕಕ್ಕೆ ಬೆಲೆ ಬಂತು.

ಅದೇ ವರ್ಷಗಳಲ್ಲಿ ಅವರ ಶವಪರೀಕ್ಷೆಗಳನ್ನು ನೋಡಲು ಬರುತ್ತಿದ್ದವರಲ್ಲಿ ಬಾರುಕ್ ಸ್ಪಿನೋಜಾ ಎಂಬ ಯುವ ತತ್ವಜ್ಞಾನಿಯೂ ಇದ್ದರು. ಈ ಹೆಸರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ.

1664ರಲ್ಲಿ ಊರಿಗೆ ಮರಳಿದ ಸ್ಟೆನೊ ಅವರಿಗೆ ವಿಶ್ವವಿದ್ಯಾನಿಲಯದಲ್ಲಿ ಹುದ್ದೆ ಸಿಗಲಿಲ್ಲ. ಆ ವರ್ಷವೇ ತಾಯಿ ತೀರಿಕೊಂಡರು. ಅವರು ಪ್ಯಾರಿಸಿಗೆ ಹೋದರು. 1665ರಲ್ಲಿ ಅಲ್ಲಿನ ವಿದ್ವಾಂಸರ ಕೂಟವೊಂದರಲ್ಲಿ ಮೆದುಳಿನ ಬಗ್ಗೆ ಉಪನ್ಯಾಸ ಕೊಟ್ಟರು. ಮೆದುಳಿನ ಬಗ್ಗೆ ತನಗೆ ಏನೂ ತಿಳಿಯದು ಎಂದು ಒಪ್ಪಿಕೊಂಡೇ ಅವರು ಮಾತು ಆರಂಭಿಸಿದ್ದು ಸಭೆಗೆ ಅಚ್ಚರಿಯಾಯಿತು. ಆತ್ಮದ ಸ್ಥಾನ ಮೆದುಳಿನ ನಡುವಿನ ಒಂದು ಪುಟ್ಟ ಗ್ರಂಥಿ, ಅದು ಆಚೀಚೆ ವಾಲುತ್ತಾ ದೇಹವನ್ನು ನಡೆಸುತ್ತದೆ ಎಂದು ಮಹಾ ತತ್ವಜ್ಞಾನಿ ಡೆಕಾರ್ಟ್ ಬರೆದಿದ್ದರು. ಆ ಗ್ರಂಥಿ ಇರುವ ಜಾಗದಲ್ಲಿ ಅದು ಹಾಗೆ ವಾಲಲು ಸಾಧ್ಯವೇ ಇಲ್ಲ ಎಂದು ಸ್ಟೆನೊ ಮೆದುಳನ್ನೇ ಮುಂದಿಟ್ಟು ತೋರಿಸಿದರು. ಡೆಕಾರ್ಟ್ ಅವರ ಬಗ್ಗೆ ಸ್ಟೆನೊ ಅವರಿಗೆ ಅಪಾರ ಗೌರವ ಇತ್ತು. ಆದರೆ ಕಣ್ಣಿಗೆ ಕಂಡದ್ದನ್ನು ಗೌರವಕ್ಕಾಗಿ ಬಿಟ್ಟುಕೊಡುವ ಸ್ವಭಾವ ಅವರದಾಗಿರಲಿಲ್ಲ. ಅವರ ಇಡೀ ಬದುಕಿನ ಕೀಲಿಕೈ ಇಲ್ಲೇ ಇದೆ ಎಂದು ನಮಗೆ ತೋರುತ್ತದೆ.

1666ರಲ್ಲಿ ಅವರು ಇಟಲಿಗೆ ಬಂದರು. ಟಸ್ಕನಿಯ ಮಹಾಪ್ರಭು ಎರಡನೇ ಫೆರ್ಡಿನಾಂಡೊ ಮೆಡಿಚಿ ಅವರಿಗೆ ಆಶ್ರಯ ಕೊಟ್ಟರು. ಫ್ಲಾರೆನ್ಸಿನಲ್ಲಿ ಗೆಲಿಲಿಯೊ ಅವರ ಶಿಷ್ಯ ವಿವಿಯಾನಿ, ಕೊಳೆತ ಮಾಂಸದಲ್ಲಿ ಹುಳು ತಾನಾಗಿ ಹುಟ್ಟುವುದಿಲ್ಲ ಎಂದು ತೋರಿಸಿದ ಫ್ರಾಂಚೆಸ್ಕೊ ರೆದಿ ಮೊದಲಾದವರು ಅವರಿಗೆ ಆಪ್ತರಾದರು. ಆ ವರ್ಷ ಲಿವೊರ್ನೊ ಎಂಬ ಬಂದರು ಊರಿಗೆ ಸಂಬಂಧಿಸಿದ ಎರಡು ಘಟನೆಗಳು ನಡೆದವು.

ಮೊದಲನೆಯದು ಜೂನ್ 24ರಂದು. ಅಂದು ಪರಮ ಪ್ರಸಾದದ ಹಬ್ಬ. ನಮ್ಮ ಊರುಗಳಲ್ಲಿ ನಡೆಯುವಂತೆಯೇ ಬೀದಿಯಲ್ಲಿ ಪರಮ ಪ್ರಸಾದದ ಮೆರವಣಿಗೆ ಹೊರಟಿತ್ತು. ಜನ ಮೊಣಕಾಲೂರುತ್ತಿದ್ದರು. ಲುಥೆರನ್ ಯುವಕ ನಿಂತು ನೋಡಿದರು. ಅದು ಬರೇ ರೊಟ್ಟಿಯ ಚೂರಾಗಿದ್ದರೆ ಇಷ್ಟು ಜನರೂ ಮರುಳರು. ಅದು ನಿಜವಾಗಿ ಕ್ರಿಸ್ತರ ಶರೀರವಾಗಿದ್ದರೆ ತಾನೇಕೆ ಸುಮ್ಮನೆ ನಿಂತಿದ್ದೇನೆ ಎಂಬ ಪ್ರಶ್ನೆ ಅವರನ್ನು ಹಿಡಿಯಿತು. ಎರಡರ ನಡುವೆ ಅವರಿಗೆ ದಾರಿ ಕಾಣಲಿಲ್ಲ. ಆದರೆ ಅಂದೇ ಏನನ್ನೂ ತೀರ್ಮಾನಿಸಲಿಲ್ಲ. ಗ್ರೀಕ್, ಹೀಬ್ರೂ ಮೂಲಗ್ರಂಥಗಳನ್ನು ತೆರೆದು ಓದಲು ಕುಳಿತರು.

ಎರಡನೆಯದು ಅಕ್ಟೋಬರಿನಲ್ಲಿ. ಲಿವೊರ್ನೊ ಬಳಿ ಮೀನುಗಾರರು ಒಂದು ಭಾರೀ ಶಾರ್ಕ್ ಹಿಡಿದರು. ನಮ್ಮ ಕರಾವಳಿಯಲ್ಲಿ ತಾಟೆ ಎನ್ನುತ್ತೇವಲ್ಲ, ಆ ಜಾತಿಯ ಮೀನೇ, ಆದರೆ ಗಾತ್ರದಲ್ಲಿ ಊಹೆಗೂ ಮೀರಿದ್ದು. ಮಹಾಪ್ರಭುಗಳ ಅಪ್ಪಣೆಯಂತೆ ಅದರ ತಲೆಯನ್ನು ಫ್ಲಾರೆನ್ಸಿಗೆ ತಂದರು. ಕೊಯ್ದು ನೋಡುವ ಕೆಲಸ ಸ್ಟೆನೊ ಅವರ ಪಾಲಿಗೆ ಬಂತು. ಅದರ ಬಾಯಿಯ ಹಲ್ಲುಗಳನ್ನು ನೋಡುತ್ತಿದ್ದಂತೆ ಅವರಿಗೆ ನೆನಪಾದದ್ದು ನಾಲಗೆಕಲ್ಲುಗಳು.

ಈ ನಾಲಗೆಕಲ್ಲುಗಳ ಕಥೆ ನಮ್ಮ ಓದುಗರಿಗೆ ಹತ್ತಿರದ್ದು. ಪ್ರೇಷಿತರ ಕಾರ್ಯಕಲಾಪಗಳ 28ನೇ ಅಧ್ಯಾಯದಲ್ಲಿ ಸಂತ ಪೌಲರು ಹಡಗು ಒಡೆದು ಮಾಲ್ಟಾ ದ್ವೀಪ ಸೇರಿದಾಗ ಹಾವೊಂದು ಅವರ ಕೈಗೆ ಸುತ್ತಿಕೊಂಡದ್ದು, ಅವರಿಗೆ ಏನೂ ಆಗದೇ ಇದ್ದದ್ದು ಎಲ್ಲರಿಗೂ ಗೊತ್ತು. ಆ ದ್ವೀಪದ ಬಂಡೆಗಳಲ್ಲಿ ತ್ರಿಕೋನಾಕಾರದ, ಹೊಳೆಯುವ ಕಲ್ಲುಗಳು ಸಿಗುತ್ತವೆ. ಪೌಲರು ಹಾವುಗಳನ್ನು ಶಪಿಸಿದಾಗ ಅವುಗಳ ನಾಲಗೆಯೇ ಕಲ್ಲಾಯಿತು ಎಂದು ಜನ ನಂಬಿದ್ದರು. ವಿಷಕ್ಕೆ ಮದ್ದೆಂದು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ರೋಮಿನ ಪ್ಲಿನಿ ಅವು ಆಕಾಶದಿಂದ ಬೀಳುತ್ತವೆ ಎಂದು ಬರೆದಿದ್ದ. ಪಂಡಿತರು ಮಾತ್ರ, ನೆಲಕ್ಕೆ ಒಂದು ರೂಪಿಸುವ ಶಕ್ತಿಯಿದೆ, ಅದೇ ಬಂಡೆಯೊಳಗೆ ಇಂಥ ಆಟಿಕೆಗಳನ್ನು ಬೆಳೆಸುತ್ತದೆ ಎನ್ನುತ್ತಿದ್ದರು. ಅವು ಶಾರ್ಕಿನ ಹಲ್ಲುಗಳು ಎಂದು ಸ್ಟೆನೊ ಅವರಿಗಿಂತ 50 ವರ್ಷ ಮೊದಲೇ ಫಾಬಿಯೊ ಕೊಲೊನ್ನಾ ಎಂಬ ಇಟಲಿಯ ವಿದ್ವಾಂಸರು ಹೇಳಿದ್ದರು. ಆದ್ದರಿಂದ ಸ್ಟೆನೊ ಅವರೇ ಮೊದಲಿಗರು ಎಂದು ಹಲವು ಕಡೆ ಬರೆದಿರುವುದು ಸರಿಯಲ್ಲ. ಸ್ಟೆನೊ ಅವರ ದೊಡ್ಡತನ ಬೇರೆಯೇ ಇದೆ. ಸಮುದ್ರದ ಮೀನಿನ ಹಲ್ಲು ಗುಡ್ಡದ ಬಂಡೆಯ ಒಳಗೆ ಹೋದದ್ದಾದರೂ ಹೇಗೆ ಎಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ.

ಬಂಡೆಯ ಸೀಳಿನಲ್ಲಿ ಮರದ ಬೇರು ಬೆಳೆದರೆ ಬೇರೂ ಸೊಟ್ಟಗಾಗುತ್ತದೆ, ಬಂಡೆಯೂ ಬಿರಿಯುತ್ತದೆ. ಈ ಹಲ್ಲುಗಳಾದರೋ ಎಲ್ಲಿ ಸಿಕ್ಕಿದರೂ ಒಂದೇ ಆಕಾರದಲ್ಲಿವೆ, ಸುತ್ತಲ ಕಲ್ಲು ಬಿರಿದಿಲ್ಲ. ಹಾಗಾದರೆ ಹಲ್ಲು ಗಟ್ಟಿಯಾಗಿದ್ದಾಗ ಸುತ್ತಲಿನದು ಮೆತ್ತಗಿತ್ತು. ಮೆತ್ತಗಿದ್ದದ್ದು ಎಂದರೆ ನೀರಿನ ಅಡಿಯ ಕೆಸರು. ಎಂದರೆ ಈ ನೆಲ ಒಮ್ಮೆ ನೀರಿನ ಅಡಿಯಲ್ಲಿತ್ತು. 1667ರಲ್ಲಿ ಈ ಶಾರ್ಕಿನ ವರದಿಯನ್ನು ಪ್ರಕಟಿಸಿದಾಗ ಅವರು ಇದನ್ನೆಲ್ಲ ತೀರ್ಪಿನಂತೆ ಹೇಳಲಿಲ್ಲ. ಒಂದು ಪಕ್ಷದ ವಕೀಲರಂತೆ ವಾದ ಮಂಡಿಸಿ, ಎದುರು ಪಕ್ಷದವರೂ ಹೇಳಲಿ ಎಂದು ಬಿಟ್ಟರು. ಅದೇ ಪುಸ್ತಕದಲ್ಲಿ ಇನ್ನೊಂದು ಸಣ್ಣ ಮೀನಿನ ವರದಿಯೂ ಇದೆ. ಮರಿ ಹಾಕುವ ಆ ಮೀನನ್ನು ಪರೀಕ್ಷಿಸಿ, ಹೆಣ್ಣಿನ ದೇಹದಲ್ಲೂ ಅಂಡಗಳಿರುವ ಅಂಗವೊಂದು ಇದೆ ಎಂಬ ನಿರ್ಣಯಕ್ಕೆ ಅವರು ಬಂದರು.

ಈ ನಡುವೆ ಅವರ ಮನಸ್ಸಿನ ಇನ್ನೊಂದು ಪ್ರಶ್ನೆಯೂ ಬೆಳೆಯುತ್ತಿತ್ತು. ಫ್ಲಾರೆನ್ಸಿನ ಒಂದು ಮಠದ ಔಷಧಾಲಯ ನೋಡಿಕೊಳ್ಳುತ್ತಿದ್ದ ಧರ್ಮಭಗಿನಿ ಮರಿಯ ಫ್ಲಾವಿಯ ದೆಲ್ ನೆರೊ ಮತ್ತು ಲುಕ್ಕಾ ರಾಜ್ಯದ ರಾಯಭಾರಿಯ ಪತ್ನಿ ಲಾವಿನಿಯ ಅರ್ನೊಲ್ಫಿನಿ, ಈ ಇಬ್ಬರು ಸ್ತ್ರೀಯರು ಅವರೊಡನೆ ವಿಶ್ವಾಸದ ಬಗ್ಗೆ ಮತ್ತೆ ಮತ್ತೆ ಮಾತಾಡಿದರು. ದೊಡ್ಡ ದೊಡ್ಡ ದೇವಶಾಸ್ತ್ರಿಗಳಿಗಿಂತ ಹೆಚ್ಚು ಕೆಲಸ ಮಾಡಿದವರು ಇವರು. 1667ರ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಸ್ಟೆನೊ ಕಥೋಲಿಕ ಧರ್ಮಸಭೆಗೆ ಸೇರುವ ನಿರ್ಧಾರ ಮಾಡಿದರು. ಅದೇ ದಿನಗಳಲ್ಲಿ ಡೆನ್ಮಾರ್ಕಿನ ರಾಜರಿಂದ ಊರಿಗೆ ಮರಳುವಂತೆ ಕರೆ ಬಂತು. ಲುಥೆರನ್ ರಾಜ್ಯದಲ್ಲಿ ಕಥೋಲಿಕನಾಗಿ ಬಾಳುವುದು ಹೇಗೆ ಎಂಬ ಚಿಂತೆ ಅಂದಿನಿಂದ ಅವರನ್ನು ಬಿಡಲಿಲ್ಲ.

ವಿಶ್ವಾಸ ಬದಲಾದ ಮೇಲೆ ವಿಜ್ಞಾನ ನಿಂತುಹೋಯಿತೇ? ಇಲ್ಲ. ಅವರ ಅತಿ ದೊಡ್ಡ ಕೃತಿ ಬಂದದ್ದು ಅದರ ನಂತರವೇ. ಗಟ್ಟಿ ವಸ್ತುವಿನೊಳಗೆ ಇನ್ನೊಂದು ಗಟ್ಟಿ ವಸ್ತು ಸೇರಿಕೊಂಡದ್ದು ಹೇಗೆ ಎಂಬುದರ ಬಗ್ಗೆ 1669ರಲ್ಲಿ ಫ್ಲಾರೆನ್ಸಿನಲ್ಲಿ ಅವರು ಅಚ್ಚು ಹಾಕಿಸಿದ ಪುಟ್ಟ ಪುಸ್ತಕ ಅದು. ನೂರು ಪುಟವೂ ಇಲ್ಲ. ಮುಂದೆ ಬರಲಿರುವ ದೊಡ್ಡ ಗ್ರಂಥಕ್ಕೆ ಇದು ಮುನ್ನುಡಿ ಮಾತ್ರ ಎಂದು ಹೆಸರಿನಲ್ಲೇ ಹೇಳಿದ್ದರು. ಮುದ್ರಣಕ್ಕೆ ಮೊದಲು ಪರಿಶೀಲಿಸಿ ಒಪ್ಪಿಗೆ ಕೊಟ್ಟವರು ಗೆಳೆಯರಾದ ವಿವಿಯಾನಿ ಮತ್ತು ರೆದಿ.

ಪುಸ್ತಕದ ತಿರುಳು ಸರಳ. ಕೆಸರು ನೀರಿನಲ್ಲಿ ತಳಕ್ಕೆ ಇಳಿದು ಪದರವಾಗುತ್ತದೆ. ಮೇಲಿನ ಪದರ ಕೂರುವಾಗ ಕೆಳಗಿನದು ಆಗಲೇ ಗಟ್ಟಿಯಾಗಿರಬೇಕು. ಕಾವಲಿಯಿಂದ ತೆಗೆದು ಒಂದರ ಮೇಲೊಂದು ಇಟ್ಟ ದೋಸೆಗಳಲ್ಲಿ ಅಡಿಯಲ್ಲಿರುವುದು ಮೊದಲು ಬೆಂದದ್ದು ಎಂದು ನಮ್ಮ ಮನೆಯ ಮಕ್ಕಳೂ ಹೇಳುತ್ತಾರೆ. ಬೆಟ್ಟದ ಬಗ್ಗೆ ಅದನ್ನು ಸ್ಪಷ್ಟವಾಗಿ ಹೇಳಲು 1669 ಬರಬೇಕಾಯಿತು. ಪದರಗಳು ಮೂಲದಲ್ಲಿ ಅಡ್ಡಲಾಗಿ ಸಮತಟ್ಟಾಗಿ ಹರಡುತ್ತವೆ, ಹಾಗಾಗಿ ಈಗ ಓರೆಯಾಗಿ ನಿಂತಿದ್ದರೆ ಆಮೇಲೆ ಏನೋ ನಡೆದು ಅವು ವಾಲಿವೆ. ಪದರವು ಏನಾದರೂ ತಡೆಯುವವರೆಗೆ ಎಲ್ಲ ಕಡೆಗೂ ಹಬ್ಬಿರುತ್ತದೆ, ಹಾಗಾಗಿ ಕಣಿವೆಯ ಈಚೆ ಆಚೆ ಒಂದೇ ಪದರ ಕಂಡರೆ ನಡುವಿನದು ಕೊಚ್ಚಿಹೋಗಿದೆ. ಪದರವನ್ನು ಕತ್ತರಿಸಿಕೊಂಡು ಹೋದದ್ದು ಪದರಕ್ಕಿಂತ ಆಮೇಲಿನದು. ಇಂದಿಗೂ ಜಗತ್ತಿನ ಯಾವುದೇ ಭೂವಿಜ್ಞಾನಿ ಬಂಡೆಯ ಮುಂದೆ ನಿಂತು ಯಾವುದು ಮೊದಲು, ಯಾವುದು ನಂತರ ಎಂದು ಲೆಕ್ಕ ಹಾಕುವುದು ಈ ಮಾತುಗಳಿಂದಲೇ. ಎಣ್ಣೆಗಾಗಿ ಬಾವಿ ಕೊರೆಯುವವರೂ ಇದನ್ನು ಬಿಟ್ಟು ಹೆಜ್ಜೆ ಇಡುವಂತಿಲ್ಲ.

ಹರಳುಗಳ ಬಗ್ಗೆಯೂ ಅದರಲ್ಲಿದೆ. ಸ್ಫಟಿಕವು ಗಿಡದಂತೆ ಒಳಗಿನಿಂದ ಬೆಳೆಯುವುದಿಲ್ಲ, ಹೊರಗಿನಿಂದ ಪದರ ಪದರವಾಗಿ ಸೇರುತ್ತಾ ಬೆಳೆಯುತ್ತದೆ. ಆದ್ದರಿಂದ ಒಂದು ಹರಳು ದಪ್ಪ, ಇನ್ನೊಂದು ತೆಳು ಇರಬಹುದು, ಆದರೆ ಅವುಗಳ ಮುಖಗಳ ನಡುವಿನ ಕೋನ ಬದಲಾಗುವುದಿಲ್ಲ. ಅಕ್ಕಸಾಲಿಗರ ಮಗನ ಕಣ್ಣು ಇಲ್ಲಿ ಕೆಲಸ ಮಾಡಿರಬೇಕು ಎಂದು ನಾವು ಊಹಿಸುತ್ತೇವೆ. ಸ್ಟೆನೊ ಚಿತ್ರಗಳ ಟಿಪ್ಪಣಿಯಲ್ಲಿ ಹೇಳಿದ ಈ ಮಾತನ್ನು ಎಲ್ಲಾ ಹರಳುಗಳಿಗೂ ಅನ್ವಯಿಸುವ ನಿಯಮವಾಗಿ ಫ್ರಾನ್ಸಿನ ರೊಮೆ ದ ಲೀಲ್ ಸ್ಥಾಪಿಸಿದ್ದು 1783ರಲ್ಲಿ. ಹರಳಿನ ತಿರುವು, ಪ್ರತಿಬಿಂಬಗಳ ಲೆಕ್ಕವನ್ನು ಮುಂದೆ ಗಣಿತಜ್ಞರು ಬೀಜಗಣಿತದ ಗುಂಪುಗಳ ಸಿದ್ಧಾಂತದಿಂದ ಬಿಡಿಸಿದರು. ಆ ದಾರಿಯ ಮೊದಲ ಮೆಟ್ಟಿಲುಗಳಲ್ಲಿ ಈ ಕೋನವೂ ಒಂದು.

ಪುಸ್ತಕದ ಕೊನೆಯಲ್ಲಿ ಟಸ್ಕನಿಯ ನೆಲ ಈಗಿನ ರೂಪಕ್ಕೆ ಬಂದ ಬಗೆಯನ್ನು ಆರು ಹಂತಗಳಲ್ಲಿ ಚಿತ್ರ ಬಿಡಿಸಿ ತೋರಿಸಿದ್ದಾರೆ. ಎರಡು ಬಾರಿ ನೀರು ತುಂಬಿತು, ಎರಡು ಬಾರಿ ಬಯಲಾಯಿತು, ಎರಡು ಬಾರಿ ಕುಸಿದು ಏರುತಗ್ಗಾಯಿತು. ಒಂದು ಪ್ರದೇಶದ ನೆಲವನ್ನು ನೋಡಿಯೇ ಅದರ ಇತಿಹಾಸವನ್ನು ಕ್ರಮವಾಗಿ ಬರೆದ ಪ್ರಯತ್ನ ಅದಕ್ಕೆ ಮೊದಲು ಇರಲಿಲ್ಲವೆಂದೇ ವಿದ್ವಾಂಸರು ಎಣಿಸುತ್ತಾರೆ. ಅದರಲ್ಲಿ ತಪ್ಪುಗಳೂ ಇವೆ. ಭೂಮಿಯ ವಯಸ್ಸು ಕೆಲವು ಸಾವಿರ ವರ್ಷ ಎಂಬ ಆ ಕಾಲದ ನಂಬಿಕೆಯ ಒಳಗೇ ಅವರು ಎಲ್ಲವನ್ನೂ ಹೊಂದಿಸಲು ನೋಡಿದರು. ನೀರು ಎರಡನೇ ಬಾರಿ ತುಂಬಿದ್ದನ್ನು ನೋಹನ ಜಲಪ್ರಳಯಕ್ಕೆ ಜೋಡಿಸಿದರು. ಅರೆಜ್ಜೊ ಬಳಿ ಸಿಕ್ಕಿದ ಭಾರೀ ಮೂಳೆಗಳು ಹಣ್ಣಿಬಾಲನ ಸೈನ್ಯದ ಆನೆಗಳದ್ದು ಎಂದುಕೊಂಡರು. ಅವು ಮಾನವ ಇತಿಹಾಸಕ್ಕಿಂತ ಎಷ್ಟೋ ಹಿಂದಿನ ಪ್ರಾಣಿಗಳವು ಎಂದು ಈಗ ನಮಗೆ ತಿಳಿದಿದೆ. ಆದರೆ ವೊಲ್ತೆರ್ರಾ ಊರಿನ ಪುರಾತನ ಗೋಡೆಯ ಕಲ್ಲುಗಳಲ್ಲಿ ಚಿಪ್ಪುಗಳನ್ನು ಕಂಡು, ಊರೇ ಮೂರು ಸಾವಿರ ವರ್ಷ ಹಳೆಯದಾದರೆ ಗೋಡೆಯ ಕಲ್ಲಿನೊಳಗಿನ ಚಿಪ್ಪು ಇನ್ನೆಷ್ಟು ಹಳೆಯದು ಎಂದು ಲೆಕ್ಕ ಹಾಕಿದವರೂ ಅವರೇ.

ದೊಡ್ಡ ಗ್ರಂಥ ಬರಲೇ ಇಲ್ಲ. ಮಧ್ಯ ಯುರೋಪಿನ ಗಣಿಗಳನ್ನು ನೋಡುತ್ತಾ ಅಲೆದರು. 1671ರಲ್ಲಿ ಉತ್ತರ ಇಟಲಿಯ ಸರೋವರಗಳ ಬಳಿಯ ಎರಡು ಹಿಮಗುಹೆಗಳನ್ನು ಪರೀಕ್ಷಿಸಿ ಹೊಸ ಮಹಾಪ್ರಭು ಮೂರನೇ ಕೊಸಿಮೊ ಅವರಿಗೆ ಪತ್ರ ಬರೆದರು. 1672ರಲ್ಲಿ ಕೋಪನ್‌ಹೇಗನ್ನಿಗೆ ರಾಜರ ಅಂಗರಚನಾ ತಜ್ಞರಾಗಿ ಹೋದರು. ಕಥೋಲಿಕರಾದ ಕಾರಣ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿ ಸಿಗುವಂತಿರಲಿಲ್ಲ. ಎರಡು ವರ್ಷದಲ್ಲಿ ಅಲ್ಲಿಂದ ಹೊರಟುಬಂದರು. 1675ರ ಪಾಸ್ಕ ಹಬ್ಬದ ಸಮಯದಲ್ಲಿ ಫ್ಲಾರೆನ್ಸಿನಲ್ಲಿ ಗುರುದೀಕ್ಷೆ ಪಡೆದರು. ಆಗ ಅವರಿಗೆ 37 ವರ್ಷ. ಅಂದಿನಿಂದ ಸಂಶೋಧನೆ ಹೆಚ್ಚುಕಡಿಮೆ ನಿಂತಿತು.

ಇಲ್ಲಿ ನಷ್ಟವಾಗಿಲ್ಲ ಎಂದು ಹೇಳಿದರೆ ನಾವು ಪ್ರಾಮಾಣಿಕರಾಗುವುದಿಲ್ಲ. ವಿಜ್ಞಾನಕ್ಕೆ ಖಂಡಿತ ನಷ್ಟವಾಯಿತು. ಪದರಗಳ ಅಧ್ಯಯನ ಮತ್ತೆ ವೇಗ ಪಡೆಯಲು ಸುಮಾರು ನೂರು ವರ್ಷ ಬೇಕಾಯಿತು. ಯಾರೂ ಅವರನ್ನು ಬಲವಂತ ಮಾಡಿರಲಿಲ್ಲ. ವಿಜ್ಞಾನ ಪಾಪವೆಂದು ಅವರು ಬಿಟ್ಟದ್ದೂ ಅಲ್ಲ. ಜನರ ಆತ್ಮರಕ್ಷಣೆಯ ಕೆಲಸ ಎದುರಿಗೆ ಕಂಡಾಗ ಅದನ್ನು ಆರಿಸಿಕೊಂಡರು. ಈ ಆಯ್ಕೆಯನ್ನು ಒಪ್ಪುವುದೂ ಬಿಡುವುದೂ ಓದುಗರಿಗೆ ಬಿಟ್ಟದ್ದು.

1677ರಲ್ಲಿ ಉತ್ತರ ಜರ್ಮನಿ ಮತ್ತು ಸ್ಕ್ಯಾಂಡಿನೇವಿಯ ಭಾಗದ ಚದುರಿದ ಕಥೋಲಿಕರಿಗೆ ಅವರನ್ನು ವಿಕಾರ್ ಅಪೊಸ್ತಲಿಕ್ ಆಗಿ ನೇಮಿಸಲಾಯಿತು. ಪೂರ್ಣ ಧರ್ಮಪ್ರಾಂತ್ಯ ಇನ್ನೂ ಇಲ್ಲದ ಕಡೆ ಪೋಪರ ಹೆಸರಿನಲ್ಲಿ ಆಡಳಿತ ನಡೆಸುವ ಧರ್ಮಾಧ್ಯಕ್ಷರೆಂದರೆ ಇವರು. ನಮ್ಮ ಮಂಗಳೂರು ಸಹ 1886ರಲ್ಲಿ ಧರ್ಮಪ್ರಾಂತ್ಯವಾಗುವ ಮೊದಲು ಇಂಥದೇ ವ್ಯವಸ್ಥೆಯಲ್ಲಿತ್ತು. ಸ್ಟೆನೊ ರೋಮಿಗೆ ಕಾಲ್ನಡಿಗೆಯಲ್ಲಿ ಹೋದರು. ಸೆಪ್ಟೆಂಬರ್ 19ರಂದು ಕಾರ್ಡಿನಲ್ ಗ್ರೆಗೊರಿ ಬಾರ್ಬರಿಗೊ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆ ನೀಡಿದರು. ಆ ಕಾರ್ಡಿನಲರೂ 1960ರಲ್ಲಿ ಸಂತ ಪದವಿಗೇರಿದರು.

ಅದೇ ತಿಂಗಳು ರೋಮಿನಲ್ಲಿ ಇನ್ನೊಂದು ಘಟನೆ ನಡೆಯಿತು. ಸ್ಪಿನೋಜಾ ಆ ವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಅವರ ಇನ್ನೂ ಅಚ್ಚಾಗದ ನೀತಿಶಾಸ್ತ್ರ ಎಂಬ ಗ್ರಂಥದ ಹಸ್ತಪ್ರತಿಯೊಂದು ಸ್ಟೆನೊ ಅವರ ಕೈಗೆ ಸಿಕ್ಕಿತು. ಅವರು ಅದನ್ನು ಓದಿ, ವಿಶ್ವಾಸಕ್ಕೆ ಅಪಾಯಕಾರಿ ಎಂಬ ಲಿಖಿತ ದೂರಿನೊಡನೆ ಪವಿತ್ರ ನ್ಯಾಯಮಂಡಳಿಗೆ ಒಪ್ಪಿಸಿದರು. ಒಂದು ಕಾಲದಲ್ಲಿ ತನ್ನ ಮೇಜಿನ ಪಕ್ಕ ನಿಂತು ಮೆದುಳಿನ ಪರೀಕ್ಷೆ ನೋಡಿದ ಗೆಳೆಯನ ಪುಸ್ತಕ ಅದು. ನಮ್ಮ ಪತ್ರಿಕೆಗಳು ಈ ವಿಷಯವನ್ನು ಬರೆಯುವುದಿಲ್ಲ. ಎದುರು ಪಕ್ಷದವರೂ ಹೇಳಲಿ ಎಂದು ಬಿಟ್ಟ 1667ರ ಸ್ಟೆನೊ ಅವರನ್ನು ಮೆಚ್ಚಿದ ನಮಗೆ ಇದು ಕಷ್ಟವೆನಿಸುತ್ತದೆ. ವಿಚಿತ್ರವೆಂದರೆ, ಆ ಗ್ರಂಥದ ಉಳಿದ ಹಸ್ತಪ್ರತಿಗಳೆಲ್ಲ ಕಾಣೆಯಾಗಿ, ಸ್ಟೆನೊ ಒಪ್ಪಿಸಿದ ಪ್ರತಿ ಮಾತ್ರ ವ್ಯಾಟಿಕನ್ ಗ್ರಂಥಾಲಯದಲ್ಲಿ ಉಳಿಯಿತು. ವಿದ್ವಾಂಸರು ಅದನ್ನು ಗುರುತಿಸಿ 2011ರಲ್ಲಿ ಪ್ರಕಟಿಸಿದರು.

ಹನೋವರಿನಲ್ಲಿ ಸ್ಟೆನೊ ಅವರಿಗೆ ಪರಿಚಯವಾದವರು ಗಣಿತಜ್ಞ ಲೈಬ್ನಿಟ್ಸ್. ಅವರು ಅಲ್ಲಿನ ಡ್ಯೂಕರ ಗ್ರಂಥಪಾಲಕರು. ಇಬ್ಬರೂ ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಚರ್ಚಿಸಿದರು. ಮಹಾ ವಿಜ್ಞಾನಿಯೊಬ್ಬರು ಸಾಧಾರಣ ದೇವಶಾಸ್ತ್ರಿಯಾದರಲ್ಲ ಎಂಬ ಬೇಸರ ಲೈಬ್ನಿಟ್ಸ್ ಅವರಿಗೆ ಕೊನೆಯವರೆಗೂ ಉಳಿಯಿತು. ಆದರೂ ಭೂಮಿಯ ಉಗಮದ ಬಗ್ಗೆ ತಾನೇ ಒಂದು ಪುಸ್ತಕ ಬರೆಯುವಾಗ ಅವರು ಸ್ಟೆನೊ ಹಾಕಿದ ದಾರಿಯನ್ನೇ ಹಿಡಿದರು.

ಕಥೋಲಿಕರಾಗಿದ್ದ ಡ್ಯೂಕರು 1679ರ ಕೊನೆಯಲ್ಲಿ ತೀರಿಕೊಂಡು ಪ್ರೊಟೆಸ್ಟಂಟ್ ಸಹೋದರ ಅಧಿಕಾರಕ್ಕೆ ಬಂದಾಗ ಸ್ಟೆನೊ ಅಲ್ಲಿ ಉಳಿಯುವಂತಿರಲಿಲ್ಲ. 1680ರಲ್ಲಿ ಮ್ಯೂನ್ಸ್ಟರಿನ ಸಹಾಯಕ ಧರ್ಮಾಧ್ಯಕ್ಷರಾದರು. ಹಳ್ಳಿ ಹಳ್ಳಿಯ ಧರ್ಮಕೇಂದ್ರಗಳಿಗೆ ಹೋದರು. ಗುರುದೀಕ್ಷೆಗೆ ಬಂದವರನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ, ಯೋಗ್ಯರಲ್ಲದವರನ್ನು ಹಿಂದಕ್ಕೆ ಕಳುಹಿಸಿದರು. ಇದರಿಂದ ಪ್ರತಿಷ್ಠಿತ ಮನೆತನಗಳು ಮುನಿಸಿಕೊಂಡವು. 1683ರಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ತೀರಿಕೊಂಡು ಹೊಸಬರ ಆಯ್ಕೆ ನಡೆದಾಗ ಅದರಲ್ಲಿ ಹಣ ಕೆಲಸ ಮಾಡಿದೆ ಎಂದು ಸ್ಟೆನೊ ಬಹಿರಂಗವಾಗಿ ವಿರೋಧಿಸಿದರು. ವಿರೋಧಿಸಿ ಸುಮ್ಮನೆ ಕೂರಲಿಲ್ಲ, ಹುದ್ದೆಯನ್ನೂ ಊರನ್ನೂ ಬಿಟ್ಟು ಹೊರಟರು. ಪ್ಯಾರಿಸಿನಲ್ಲಿ ಮೆದುಳನ್ನು ಮುಂದಿಟ್ಟು ಡೆಕಾರ್ಟ್ ತಪ್ಪು ಎಂದವರು ಇವರೇ ಎಂದು ಇಲ್ಲಿ ಮತ್ತೆ ಗುರುತು ಸಿಗುತ್ತದೆ.

ಹ್ಯಾಂಬರ್ಗಿನಲ್ಲಿ ಕೆಲಕಾಲ ಹಳೆಯ ಸ್ನೇಹಿತ, ಅಂಗರಚನಾ ತಜ್ಞ ಥಿಯೊಡೊರ್ ಕೆರ್ಕ್ರಿಂಗ್ ಅವರ ಆಸರೆಯಲ್ಲಿದ್ದರು. ಧರ್ಮಾಧ್ಯಕ್ಷರ ಉಂಗುರ, ಶಿಲುಬೆಗಳನ್ನು ಮಾರಿ ಬಡವರಿಗೆ ಹಂಚಿದ್ದರು. ಹಳೆಯ ಮೇಲಂಗಿ, ಕಠಿಣ ಉಪವಾಸ. ಆರೋಗ್ಯ ಹದಗೆಟ್ಟದ್ದಕ್ಕೆ ಆ ಉಪವಾಸವೂ ಒಂದು ಕಾರಣವಿರಬಹುದು. ಇಟಲಿಗೆ ಮರಳಿ ಶಾಂತವಾಗಿರಬೇಕೆಂಬ ಆಸೆ ಅವರಿಗಿತ್ತು. ಆದರೆ 1685ರಲ್ಲಿ ಶ್ವೆರಿನ್ ಎಂಬ ಊರಿನ ಬೆರಳೆಣಿಕೆಯ ಕಥೋಲಿಕರಿಗೆ ಗುರುಗಳಿಲ್ಲವೆಂದು ತಿಳಿದು ಅಲ್ಲಿಗೆ ಹೋದರು. ಧರ್ಮಾಧ್ಯಕ್ಷರಾದವರು ಅಲ್ಲಿ ಸಾಮಾನ್ಯ ಗುರುವಿನ ಕೆಲಸ ಮಾಡಿದರು. ಕೊನೆಗೆ ಹೊಟ್ಟೆಯ ತೀವ್ರ ನೋವಿನಿಂದ ನರಳಿ 1686ರ ಡಿಸೆಂಬರ್ 5ರಂದು (ಅಲ್ಲಿನ ಹಳೆಯ ಪಂಚಾಂಗದಲ್ಲಿ ನವೆಂಬರ್ 25) ತೀರಿಕೊಂಡರು. ವಯಸ್ಸು 48. ಅವರು ಬಿಟ್ಟುಹೋದದ್ದು ಹೆಚ್ಚುಕಡಿಮೆ ಕೆಲವು ಹಳೆಯ ಬಟ್ಟೆಗಳನ್ನು ಮಾತ್ರ.

ಮಹಾಪ್ರಭು ಕೊಸಿಮೊ ಅವರ ಪಾರ್ಥಿವ ಶರೀರವನ್ನು ಫ್ಲಾರೆನ್ಸಿಗೆ ತರಿಸಿ ಮೆಡಿಚಿ ಕುಟುಂಬದ ಸಾನ್ ಲೊರೆನ್ಸೊ ದೇವಾಲಯದಲ್ಲಿ ಸಮಾಧಿ ಮಾಡಿಸಿದರು. ಬಹುಕಾಲ ಹೆಚ್ಚಿನವರು ಅತ್ತ ತಿರುಗಿ ನೋಡಲಿಲ್ಲ. 1881ರಲ್ಲಿ ಬೊಲೊನ್ಯಾದಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನ ನಡೆದಾಗ ಅದಕ್ಕೆ ಬಂದ ವಿಜ್ಞಾನಿಗಳು ಫ್ಲಾರೆನ್ಸಿಗೆ ಹೋಗಿ ಆ ದೇವಾಲಯದಲ್ಲಿ ಅವರ ಸ್ಮಾರಕ ಇಟ್ಟುಬಂದರು. ಧರ್ಮಸಭೆ ನೆನೆಯುವ ಮೊದಲು ಭೂವಿಜ್ಞಾನಿಗಳೇ ನೆನೆದರು ಎನ್ನಬೇಕು. 1953ರಲ್ಲಿ ಧನ್ಯ ಪದವಿಯ ವಿಚಾರಣೆಯ ಅಂಗವಾಗಿ ಸಮಾಧಿಯನ್ನು ತೆರೆದರು. 1988ರ ಅಕ್ಟೋಬರ್ 23ರಂದು ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಧನ್ಯರೆಂದು ಸಾರಿದರು.

1953ರಲ್ಲಿ ಅವರ ಅವಶೇಷಗಳನ್ನು ಪಕ್ಕದ ಪೂಜಾಪೀಠದ ಕೋಣೆಯಲ್ಲಿ 4ನೇ ಶತಮಾನದ ಒಂದು ಕ್ರೈಸ್ತ ಶಿಲಾಪೆಟ್ಟಿಗೆಯಲ್ಲಿ ಇರಿಸಲಾಯಿತು. ಇಟಲಿ ಸರಕಾರ ದಾನವಾಗಿ ಕೊಟ್ಟ ಆ ಪೆಟ್ಟಿಗೆ ಸಿಕ್ಕಿದ್ದು ಊರಿನ ನಡುವೆ ಹರಿಯುವ ಅರ್ನೊ ನದಿಯಲ್ಲಿ.